ಆರು ಚುಕ್ಕಿಗಳ ಮೇಷ್ಟ್ರು

ಲೂಯಿ ಬ್ರೈಲ್ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಒಂದೇ ಸಾಲು. ಚಿಕ್ಕಂದಿನಲ್ಲಿ ಕಣ್ಣು ಕಳೆದುಕೊಂಡ, ದೊಡ್ಡವನಾಗಿ ಅಂಧರಿಗೆ ಲಿಪಿ ಕಂಡುಹಿಡಿದ. ಸಾಮಾನ್ಯ ಜ್ಞಾನದ ಗೈಡುಗಳಲ್ಲಿ ಅಷ್ಟೇ ಇರುತ್ತದೆ. ಅದರಲ್ಲೂ ‘ದೊಡ್ಡವನಾಗಿ’ ಎಂಬ ಮಾತು ಸರಿಯಲ್ಲ. ಆ ಲಿಪಿಯ ಮುಖ್ಯ ಕೆಲಸ ಮುಗಿದಾಗ ಅವನಿಗೆ ಹದಿನೈದು ವರ್ಷ. ನಮ್ಮ ಎಸ್ಸೆಸ್ಸೆಲ್ಸಿ ಹುಡುಗರ ವಯಸ್ಸು.

ಪ್ಯಾರಿಸ್‌ನಿಂದ ಸ್ವಲ್ಪ ದೂರದ ಕೂವ್ರೆ ಎಂಬ ಹಳ್ಳಿಯಲ್ಲಿ 1809ರ ಜನವರಿ 4ರಂದು ಹುಟ್ಟಿದ ಲೂಯಿ ಮನೆಗೆ ಕೊನೆಯ ಮಗ. ಅಪ್ಪ ಸಿಮೋನ್ ರೆನೆ ಕುದುರೆಗಳಿಗೆ ಜೀನು, ಚರ್ಮದ ಪಟ್ಟಿ ಹೊಲಿಯುತ್ತಿದ್ದರು. ಮೂರು ವರ್ಷದ ಮಗು ಅಪ್ಪನ ಅಂಗಡಿಯಲ್ಲಿ ಚರ್ಮಕ್ಕೆ ತೂತು ಹಾಕುವ ಮೊನಚಾದ ಸಲಕರಣೆ ಹಿಡಿದು ಆಡುತ್ತಿದ್ದಾಗ ಅದು ಜಾರಿ ಒಂದು ಕಣ್ಣಿಗೆ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿತು. ಐದು ವರ್ಷ ತುಂಬುವ ಹೊತ್ತಿಗೆ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಆಗ ಆಂಟಿಬಯಾಟಿಕ್ ಎಂಬುದೇ ಇರಲಿಲ್ಲ.

ಆ ಕಾಲದಲ್ಲಿ ಕಣ್ಣಿಲ್ಲದ ಬಡ ಮಕ್ಕಳ ಪಾಡು ಬಹುತೇಕ ಬೀದಿಯಲ್ಲಿ ಕೈಚಾಚುವುದೇ ಆಗಿತ್ತು. ಲೂಯಿಗೆ ಹಾಗಾಗದಂತೆ ತಡೆದವರು ಊರಿನ ಮೂರ್ನಾಲ್ಕು ಜನ. ಅಪ್ಪ ಹಲಗೆಯ ಮೇಲೆ ಮೊಳೆ ಹೊಡೆದು ಅಕ್ಷರದ ಆಕಾರ ಮಾಡಿ ಮಗನ ಬೆರಳಿಗೆ ತೋರಿಸಿದರು. ಊರಿನ ಪಾದ್ರಿ ಪಲ್ಯುಯಿ ಮೊದಲ ಪಾಠ ಹೇಳಿದರು, ಆಮೇಲೆ ಶಾಲೆಯ ಮೇಷ್ಟ್ರು ಬೆಶೆರೆ ಅವರಿಗೆ ಹೇಳಿ ಉಳಿದ ಮಕ್ಕಳ ಜೊತೆಗೇ ಇವನನ್ನೂ ಕೂರಿಸಿದರು. ಈಗ ನಾವು ಸಮನ್ವಯ ಶಿಕ್ಷಣ ಎಂದು ದೊಡ್ಡ ಹೆಸರಿನಿಂದ ಕರೆಯುವುದನ್ನು ಆ ಮೇಷ್ಟ್ರು ಯಾವ ಸುತ್ತೋಲೆಯೂ ಇಲ್ಲದೆ ಮಾಡಿದ್ದರು. ಹುಡುಗ ಕೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತಿದ್ದ. ಆದರೆ ಬೇರೆ ಮಕ್ಕಳು ಪುಸ್ತಕ ತೆರೆದಾಗ ಅವನು ಸುಮ್ಮನೆ ಕೂರಬೇಕಿತ್ತು.

ಊರಿನ ಜಮೀನ್ದಾರರೊಬ್ಬರ ಶಿಫಾರಸಿನಿಂದ 1819ರ ಫೆಬ್ರವರಿಯಲ್ಲಿ, ಹತ್ತು ವರ್ಷದ ಲೂಯಿಗೆ ಪ್ಯಾರಿಸ್‌ನ ಅಂಧ ಬಾಲಕರ ರಾಜ ವಿದ್ಯಾಸಂಸ್ಥೆಯಲ್ಲಿ ವಿದ್ಯಾರ್ಥಿವೇತನದ ಸೀಟು ಸಿಕ್ಕಿತು. ಅದನ್ನು ಕಟ್ಟಿದವರು ವ್ಯಾಲೆಂಟಿನ್ ಹೌಯಿ. ಅಂಧ ಮಕ್ಕಳೂ ಓದಬಲ್ಲರು ಎಂದು ನಂಬಿ 1780ರ ದಶಕದಲ್ಲೇ ಶಾಲೆ ತೆರೆದ ದೊಡ್ಡ ಮನುಷ್ಯ. ಶಾಲೆಯ ಕಟ್ಟಡ ಮಾತ್ರ ಹಳೆಯದು, ಥಂಡಿ ಹಿಡಿದ ಗೋಡೆಗಳು. ಅಲ್ಲಿನ ಎಷ್ಟೋ ಮಕ್ಕಳಿಗೆ ಎದೆಯ ಕಾಯಿಲೆ ಬರುತ್ತಿತ್ತು. ಲೂಯಿಗೂ ಮುಂದೆ ಕ್ಷಯ ಅಂಟಿತು.

ಅಲ್ಲಿ ಪುಸ್ತಕಗಳಿದ್ದವು. ಹೌಯಿ ಅವರ ವಿಧಾನದಲ್ಲಿ ದಪ್ಪ ಕಾಗದವನ್ನು ಒದ್ದೆ ಮಾಡಿ ಅಚ್ಚಿನ ಮೊಳೆಗಳ ಮೇಲೆ ಒತ್ತಿದರೆ, ಕಣ್ಣಿದ್ದವರು ಓದುವ ಅದೇ ರೋಮನ್ ಅಕ್ಷರ ಉಬ್ಬಿ ಬರುತ್ತಿತ್ತು. ಬೆರಳಿಗೆ ತಿಳಿಯಬೇಕೆಂದರೆ ಅಕ್ಷರ ದೊಡ್ಡದಿರಬೇಕು, ಹಾಗಾಗಿ ಪುಸ್ತಕ ಎತ್ತಲಾರದಷ್ಟು ಭಾರ. ಒಂದೊಂದು ಅಕ್ಷರವನ್ನೂ ಸುತ್ತ ತಡವಿ ಗುರುತಿಸುವಷ್ಟರಲ್ಲಿ ವಾಕ್ಯದ ಮೊದಲ ಪದ ಮರೆತುಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಮಕ್ಕಳು ಅದರಲ್ಲಿ ಬರೆಯುವಂತಿರಲಿಲ್ಲ. ನನಗನ್ನಿಸುವುದು, ಆ ಪುಸ್ತಕ ನೋಡಲು ಬರುವವರಿಗೆ ತುಂಬ ಚೆನ್ನಾಗಿ ಕಾಣುತ್ತಿತ್ತು, ಅಷ್ಟೆ. ಅಂಧ ಮಗುವಿಗೆ ಏನು ಅನುಕೂಲ ಎಂಬುದನ್ನು ಕಣ್ಣಿದ್ದವರು ತಮ್ಮ ಕಣ್ಣಿನಿಂದಲೇ ತೀರ್ಮಾನಿಸಿದ್ದರು.

1821ರ ಸುಮಾರಿಗೆ ಶಾರ್ಲ್ ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿಯ ಬರವಣಿಗೆ ಶಾಲೆಗೆ ಬಂತು. ಗೆರೆಗಳ ಬದಲು ಉಬ್ಬಿದ ಚುಕ್ಕಿಗಳು. ಹುಡುಗರ ಬೆರಳಿಗೆ ಅದು ತಕ್ಷಣ ಹಿಡಿಸಿತು. ಆದರೆ ಒಂದು ಗುರುತಿಗೆ ಹನ್ನೆರಡು ಚುಕ್ಕಿಗಳವರೆಗೆ ಜಾಗ, ಆರು ಸಾಲು ಎತ್ತರ. ಬೆರಳ ತುದಿ ಅದನ್ನು ಒಂದೇ ಸಲಕ್ಕೆ ಹಿಡಿಯಲಾರದು, ಮೇಲೆ ಕೆಳಗೆ ಹುಡುಕಬೇಕು. ಮೇಲಾಗಿ ಅದು ಉಚ್ಚಾರಣೆಯ ಲಿಪಿ, ಕಾಗುಣಿತವಿಲ್ಲ, ಅಂಕಿಯಿಲ್ಲ, ಸಂಗೀತದ ಸ್ವರಗಳಿಲ್ಲ. ಲೂಯಿ ಈ ದೋಷಗಳನ್ನು ಒಪ್ಪಿಕೊಂಡು ಸುಮ್ಮನಾಗಲಿಲ್ಲ. ಪಾಠ ಮುಗಿದ ಮೇಲೆ ರಾತ್ರಿ, ರಜೆಗೆ ಊರಿಗೆ ಹೋದಾಗ ಹಗಲು, ಕಾಗದಕ್ಕೆ ಚುಚ್ಚುತ್ತ ಕೂತ. 1824ರ ಹೊತ್ತಿಗೆ ಹನ್ನೆರಡು ಆರಾಗಿತ್ತು.

ಅವನ ಜಾಣ್ಮೆಯ ಲೆಕ್ಕ ನೋಡಿ. ಎರಡು ಕಂಬಸಾಲು, ಒಂದೊಂದರಲ್ಲಿ ಮೂರು ಚುಕ್ಕಿ. ಬೆರಳ ತುದಿಯ ಕೆಳಗೆ ಪೂರ್ತಿ ಹಿಡಿಸುವ ಅಳತೆ. ಯಾವ ಚುಕ್ಕಿ ಉಬ್ಬಿದೆ, ಯಾವುದು ಇಲ್ಲ ಎಂಬುದರ ಮೇಲೆ 63 ಬೇರೆ ಬೇರೆ ಗುರುತುಗಳು ಸಿಗುತ್ತವೆ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕೇ ಚುಕ್ಕಿಗಳ ಜಾಗ. ಅದೇ ಹತ್ತಕ್ಕೆ ಕೆಳಗೊಂದು ಚುಕ್ಕಿ ಸೇರಿಸಿದರೆ ಮುಂದಿನ ಹತ್ತು ಅಕ್ಷರ. ಬಾಯಿಪಾಠ ಮಾಡಬೇಕಾದದ್ದು ಹತ್ತೇ! ಬರೆಯಲು ಬೇಕಾಗಿದ್ದು ಕಿಂಡಿಗಳಿರುವ ಒಂದು ಪಟ್ಟಿ ಮತ್ತು ಮೊನಚಾದ ಕಡ್ಡಿ, ಅಪ್ಪನ ಅಂಗಡಿಯ ಆ ಸಲಕರಣೆಯ ಮರಿಯಂತಿರುವ ಕಡ್ಡಿ. ಬಲದಿಂದ ಎಡಕ್ಕೆ ಚುಚ್ಚಿ, ಕಾಗದ ಮಗುಚಿ, ಎಡದಿಂದ ಬಲಕ್ಕೆ ಓದಬೇಕು.

1828ರಲ್ಲಿ ಅದೇ ಶಾಲೆಯಲ್ಲಿ ಸಹಾಯಕ ಶಿಕ್ಷಕ, 1833ರಲ್ಲಿ ಪೂರ್ಣ ಶಿಕ್ಷಕ. ಇನ್ನು ಅವರನ್ನು ಬ್ರೈಲ್ ಮೇಷ್ಟ್ರು ಎನ್ನಬಹುದು. ಪ್ಯಾರಿಸ್‌ನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದ ಅವರು ಸಂಗೀತಕ್ಕೂ ಅದೇ ಚುಕ್ಕಿಗಳನ್ನು ಹೊಂದಿಸಿದರು. ಲಿಪಿಯನ್ನು ವಿವರಿಸುವ ಪುಸ್ತಕ 1829ರಲ್ಲಿ ಬಂತು. ವಿಚಿತ್ರವೆಂದರೆ ಅದು ಅಚ್ಚಾದದ್ದು ಹೌಯಿ ಅವರ ಉಬ್ಬು ರೋಮನ್ ಅಕ್ಷರಗಳಲ್ಲೇ. ಬಾರ್ಬಿಯೆಗೆ ಸಲ್ಲಬೇಕಾದ ಕೃತಜ್ಞತೆಯನ್ನೂ ಅದರಲ್ಲಿ ಸಲ್ಲಿಸಿದ್ದರು. 1837ರಲ್ಲಿ ತಿದ್ದಿದ ಆವೃತ್ತಿ ಬಂತು.

ಇಷ್ಟಾದರೂ ಶಾಲೆ ಅದನ್ನು ಅಧಿಕೃತವಾಗಿ ಒಪ್ಪಲಿಲ್ಲ. ಬೆಂಬಲ ಕೊಟ್ಟಿದ್ದ ನಿರ್ದೇಶಕ ಪಿನ್ಯೆ 1840ರಲ್ಲಿ ಹುದ್ದೆ ಬಿಡಬೇಕಾಯಿತು. ಅವರ ಜಾಗಕ್ಕೆ ಬಂದ ಡ್ಯುಫೋ ಚುಕ್ಕಿಗಳನ್ನು ನಿಷೇಧಿಸಿದರು. ಅಂಧರು ತಮ್ಮದೇ ಬೇರೆ ಲಿಪಿ ಇಟ್ಟುಕೊಂಡರೆ ಸಮಾಜದಿಂದ ದೂರವಾಗುತ್ತಾರೆ ಎಂಬುದು ಅಂದಿನ ವಾದ. ಕೇಳಲು ಸರಿಯಾಗಿಯೇ ಇದೆ. ಆದರೆ ಓದಲೂ ಬರೆಯಲೂ ಬಾರದೆ ಸಮಾಜಕ್ಕೆ ಹತ್ತಿರವಾಗುವುದು ಹೇಗೆ? ವಿದ್ಯಾರ್ಥಿಗಳು ಅದಕ್ಕೆ ಉತ್ತರವನ್ನು ಬೆರಳಿನಲ್ಲೇ ಕೊಟ್ಟರು. ಕದ್ದುಮುಚ್ಚಿ ಒಬ್ಬರಿಂದ ಒಬ್ಬರು ಕಲಿತರು, ಟಿಪ್ಪಣಿ ಬರೆದುಕೊಂಡರು. ಕೊನೆಗೆ ಡ್ಯುಫೋ ಅವರ ಸಹಾಯಕ ಗ್ವಾದೆ ಮಕ್ಕಳ ಪರ ನಿಂತರು. 1844ರ ಫೆಬ್ರವರಿಯಲ್ಲಿ ಹೊಸ ಕಟ್ಟಡದ ಉದ್ಘಾಟನೆಯ ದಿನ ಸಭೆಯ ಮುಂದೆ ಬ್ರೈಲ್ ಲಿಪಿಯನ್ನು ಬಹಿರಂಗವಾಗಿ ಪರಿಚಯಿಸಲಾಯಿತು.

ಆ ಹೊತ್ತಿಗೆ ಮೇಷ್ಟ್ರ ಎದೆ ಸೋತಿತ್ತು. ಪಾಠ ನಿಲ್ಲಿಸಿ ಊರಿಗೆ ಹೋಗುವುದು, ಸ್ವಲ್ಪ ಚೇತರಿಸಿಕೊಂಡು ಮರಳುವುದು ವರ್ಷಗಟ್ಟಲೆ ನಡೆಯಿತು. ಕೈಯಲ್ಲಿದ್ದುದನ್ನು ಬಡ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದರು. 1852ರ ಜನವರಿ 6ರಂದು, 43 ತುಂಬಿ ಎರಡೇ ದಿನಕ್ಕೆ, ತೀರಿಕೊಂಡರು. ತೆರೆಯದೆ ಸುಡಬೇಕೆಂದು ಅವರು ಹೇಳಿಹೋಗಿದ್ದ ಪೆಟ್ಟಿಗೆಯೊಂದಿತ್ತು. ಕುತೂಹಲ ತಡೆಯಲಾರದೆ ತೆರೆದವರಿಗೆ ಕಂಡದ್ದು ವಿದ್ಯಾರ್ಥಿಗಳು ಬರೆದುಕೊಟ್ಟ ಸಾಲದ ಚೀಟಿಗಳು ಎನ್ನುತ್ತಾರೆ ಅವರ ಜೀವನ ಬರೆದವರು. ಅವರ ಲಿಪಿಯನ್ನು ಶಾಲೆ ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಎರಡು ವರ್ಷ ತಡವಾಗಿ. ನೂರು ವರ್ಷದ ಮೇಲೆ, 1952ರಲ್ಲಿ, ಫ್ರಾನ್ಸ್ ಅವರ ಅವಶೇಷಗಳನ್ನು ಮಹನೀಯರ ಸಮಾಧಿಗಳಿರುವ ಪ್ಯಾಂಥಿಯಾನ್‌ಗೆ ಒಯ್ದಿತು. ಕೈಗಳನ್ನು ಮಾತ್ರ ಕೂವ್ರೆಯವರು ತಮ್ಮ ಊರಲ್ಲೇ ಉಳಿಸಿಕೊಂಡರು.

ನಮ್ಮ ದೇಶದಲ್ಲಿ ಮೊದಲು ಒಂದೊಂದು ಕಡೆ ಒಂದೊಂದು ಬ್ರೈಲ್ ಇತ್ತು. 1951ರಲ್ಲಿ ಎಲ್ಲ ಭಾಷೆಗಳಿಗೂ ಸೇರಿ ಭಾರತಿ ಬ್ರೈಲ್ ಬಂತು. ಕನ್ನಡದ ‘ಕ’, ಹಿಂದಿಯ ‘ಕ’, ಇಂಗ್ಲಿಷಿನ ‘ಕೆ’ ಮೂರಕ್ಕೂ ಒಂದೇ ಗುರುತು. ನಾವು ಒಂದನೇ ತರಗತಿಯಲ್ಲಿ ಒದ್ದಾಡಿದ ಒತ್ತಕ್ಷರ, ಕೊಂಬು, ಏತ್ವ ಯಾವುದೂ ಅಲ್ಲಿ ಮೇಲೆ ಕೆಳಗೆ ಕೂರುವುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ.

ಈಗ ಮೊಬೈಲ್ ಎಲ್ಲವನ್ನೂ ಓದಿ ಹೇಳುತ್ತದಲ್ಲ, ಬ್ರೈಲ್ ಏಕೆ ಎಂದು ಕೇಳುವವರಿದ್ದಾರೆ. ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಅಂಧ ಗೆಳತಿಗೆ ಇತಿಹಾಸದ ಆಡಿಯೊ ಸಾಕಾಗುತ್ತಿತ್ತು. ಆದರೆ ಕನ್ನಡದಲ್ಲಿ ‘ಲ’ ಎಲ್ಲಿ, ‘ಳ’ ಎಲ್ಲಿ ಎಂದು ಅವಳು ಬೆರಳಿನಲ್ಲೇ ನೋಡಿಕೊಳ್ಳಬೇಕಿತ್ತು. ಅವಳ ಬ್ರೈಲ್ ಪಠ್ಯ ಕೈಗೆ ಬರುವಷ್ಟರಲ್ಲಿ ಅರ್ಧ ವರ್ಷ ಮುಗಿದಿತ್ತು. ಅಲ್ಲಿಯವರೆಗೆ ಅವಳ ಅಮ್ಮ ರಾತ್ರಿ ಪಾಠ ಓದಿ ಹೇಳುವುದು, ಅವಳು ಚುಕ್ಕಿ ಚುಚ್ಚಿಕೊಳ್ಳುವುದು. ಅವಳ ಕನ್ನಡ ನೋಟ್ಸ್ ನಮ್ಮ ತರಗತಿಯಲ್ಲೇ ದಪ್ಪವಾಗಿತ್ತು.