ಸಾಲದಲ್ಲೇ ಸತ್ತ ರಬ್ಬರ್ ಮನುಷ್ಯ

ಟೈರ್ ಪಕ್ಕದಲ್ಲಿ ಗುಡ್‌ಇಯರ್ ಅಂತ ಬರೆದಿರೋದನ್ನ ನಾವೆಲ್ಲ ನೋಡಿದ್ದೀವಿ. ಅದು ಒಬ್ಬ ಮನುಷ್ಯನ ಹೆಸರು ಅಂತ ಕೆಲವರಿಗೆ ಗೊತ್ತಿರಬಹುದು. ಆದರೆ ಆ ಮನುಷ್ಯನಿಗೂ ಆ ಕಂಪನಿಗೂ ಯಾವ ಸಂಬಂಧವೂ ಇರಲಿಲ್ಲ. ಚಾರ್ಲ್ಸ್ ಗುಡ್‌ಇಯರ್ ಸತ್ತಿದ್ದು 1860ರಲ್ಲಿ. ಕಂಪನಿ ಶುರುವಾಗಿದ್ದು 1898ರಲ್ಲಿ. ಗೌರವಕ್ಕೆ ಅಂತ ಅವನ ಹೆಸರು ಇಟ್ಟರು, ಅಷ್ಟೇ.

ಅವನು ಮಾಡಿದ ಕೆಲಸ ಏನು ಅಂತ ನೋಡೋಕೆ ಟೈರಿಗಿಂತ ಒಳ್ಳೆ ಜಾಗ ಒಂದಿದೆ. ಹಳೇಕೋಟೆ, ಹೊಳೆನರಸೀಪುರ, ಅರಕಲಗೂಡು ಕಡೆ ಹಳೇ ಮಾರುತಿ 800 ಇನ್ನೂ ಓಡ್ತಾ ಇವೆ. ಗುಂಡಿ, ಹಂಪು ಹಾರಿಸಿ ಹಾರಿಸಿ ಒಂದು ದಿನ ಮುಂದಿನ ಚಕ್ರದ ಹತ್ತಿರ ಟಕ್ ಟಕ್ ಅಂತ ಸದ್ದು ಶುರುವಾಗತ್ತೆ. ಬ್ರೇಕ್ ಹಾಕಿದ್ರೆ ಗಾಡಿ ಒಂದು ಕಡೆ ಎಳೆಯತ್ತೆ. ಮೆಕ್ಯಾನಿಕ್ ಜಾಕ್ ಹಾಕಿ, ರಾಡ್‌ನಲ್ಲಿ ಮೀಟಿ ನೋಡಿ, ಲೋಯರ್ ಆರ್ಮ್ ಬುಷ್ ಹೋಗಿದೆ ಅಂತಾರೆ. ಆರ್ಮ್ ಬಿಚ್ಚಿ, ಹಳೇ ಬುಷ್‌ನ ಪ್ರೆಸ್‌ನಲ್ಲಿ ಒತ್ತಿ ತೆಗೆದು, ಹೊಸದನ್ನ ಒತ್ತಿ ಕೂರಿಸ್ತಾರೆ. ಸಾಮಾನ್ಯವಾಗಿ ಬುಷ್ ಅಂದ್ರೆ ಒಳಗೊಂದು ಲೋಹದ ಕೊಳವೆ, ಹೊರಗೊಂದು, ನಡುವೆ ರಬ್ಬರ್. ಚಕ್ರ ಮೇಲೆ ಕೆಳಗೆ ಆದಾಗೆಲ್ಲ ಈ ರಬ್ಬರ್ ತಿರುಚಿಕೊಂಡು ಮತ್ತೆ ಮೊದಲಿನ ಜಾಗಕ್ಕೆ ಬರತ್ತೆ. ಏಪ್ರಿಲ್ ಬಿಸಿಲಿಗೆ ಕರಗಲ್ಲ, ಡಿಸೆಂಬರ್ ಚಳಿಗೆ ಒಡೆಯಲ್ಲ. ಇಂಥ ರಬ್ಬರ್ ಮಾಡೋದು ಹೇಗೆ ಅಂತ 200 ವರ್ಷದ ಹಿಂದೆ ಯಾವ ಕಾರ್ಖಾನೆಗೂ ಗೊತ್ತಿರಲಿಲ್ಲ.

ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ನ್ಯೂ ಹೇವನ್ ಊರಲ್ಲಿ. ಕೆಮಿಸ್ಟ್ರಿ ಓದಿದವನಲ್ಲ. ಅಪ್ಪನ ಜೊತೆ ಹಾರ್ಡ್‌ವೇರ್ ಮತ್ತು ಬೇಸಾಯದ ಸಲಕರಣೆ ಮಾರುತ್ತಿದ್ದ. 1824ರಲ್ಲಿ ಕ್ಲಾರಿಸಾ ಬೀಚರ್ ಜೊತೆ ಮದುವೆ ಆಯ್ತು. ಫಿಲಡೆಲ್ಫಿಯಾದಲ್ಲಿ ಅಂಗಡಿ ಹಾಕಿದ. 1830ರ ಹೊತ್ತಿಗೆ ಅದು ಮುಳುಗಿತು. ಆ ಕಾಲದಲ್ಲಿ ಸಾಲ ತೀರಿಸದೇ ಇದ್ರೆ ಜೈಲಿಗೆ ಹಾಕ್ತಿದ್ದರು. ಅಲ್ಲಿಂದ ಸಾಯೋವರೆಗೂ ಜೈಲು ಅವನಿಗೆ ಹೊಸ ಜಾಗ ಆಗಿರಲಿಲ್ಲ.

1834ರಲ್ಲಿ ನ್ಯೂಯಾರ್ಕ್‌ನ ಒಂದು ಅಂಗಡಿಯಲ್ಲಿ ರಬ್ಬರ್‌ನ ಲೈಫ್ ಪ್ರಿಸರ್ವರ್ ನೋಡಿದ, ನೀರಲ್ಲಿ ಮುಳುಗದ ಹಾಗೆ ಗಾಳಿ ತುಂಬಿ ಕಟ್ಟಿಕೊಳ್ಳೋ ಚೀಲ ಅದು. ಅದರ ಗಾಳಿ ವಾಲ್ವ್ ಸರಿಯಿಲ್ಲ ಅನ್ನಿಸಿ, ಮನೆಗೆ ಹೋಗಿ ಹೊಸ ವಾಲ್ವ್ ಡಿಸೈನ್ ಮಾಡಿಕೊಂಡು ಬಂದ. ಅಂಗಡಿಯವರು ಹೇಳಿದ್ದು ಬೇರೇನೇ. ತೊಂದರೆ ಇರೋದು ವಾಲ್ವ್‌ನಲ್ಲಲ್ಲ, ರಬ್ಬರ್‌ನಲ್ಲಿ. ಬೇಸಿಗೆ ಬಂದ್ರೆ ಮಾಲೆಲ್ಲ ಕರಗಿ ಅಂಟಂಟಾಗಿ ವಾಸನೆ ಹೊಡೀತಿತ್ತು, ಚಳಿಗಾಲದಲ್ಲಿ ಕಲ್ಲಿನ ಥರ ಗಟ್ಟಿಯಾಗಿ ಬಿರುಕು ಬಿಡ್ತಿತ್ತು. ರಬ್ಬರ್ ಕಂಪನಿಗಳು ಒಂದೊಂದಾಗಿ ಮುಚ್ಚೋ ಸ್ಥಿತಿಯಲ್ಲಿದ್ದವು. ಗುಡ್‌ಇಯರ್ ವಾಲ್ವ್ ಬಿಟ್ಟು ರಬ್ಬರ್ ಹಿಂದೆ ಬಿದ್ದ.

ಊರಿಗೆ ವಾಪಸ್ ಬಂದ ತಕ್ಷಣ ಸಾಲಕ್ಕೆ ಮತ್ತೆ ಜೈಲು. ಮೊದಲ ಪ್ರಯೋಗ ಶುರುವಾಗಿದ್ದು ಅಲ್ಲೇ. ಹೆಂಡತಿ ಕೈಲಿ ಕಚ್ಚಾ ರಬ್ಬರ್ ಮತ್ತು ಮನೆಯ ಲಟ್ಟಣಿಗೆ ತರಿಸಿಕೊಂಡು ನಾದೋಕೆ ಕೂತ. ಹೊರಗೆ ಬಂದ ಮೇಲೆ ಮೆಗ್ನೀಷಿಯಾ ಬೆರೆಸಿದ, ಆಮೇಲೆ ಸುಣ್ಣ, ಆಮೇಲೆ ನೈಟ್ರಿಕ್ ಆಸಿಡ್. ಪ್ರತಿ ಸಲವೂ ಈ ಬಾರಿ ಸಿಕ್ತು ಅಂದುಕೊಳ್ಳೋದು, ಬೇಸಿಗೆ ಬಂದು ಎಲ್ಲ ಹಾಳಾಗೋದು. ಸರ್ಕಾರಕ್ಕೆ ಟಪಾಲು ಚೀಲ ಮಾಡಿಕೊಡೋ ಆರ್ಡರ್ ಸಿಕ್ಕಿತ್ತು. ಬಿಸಿ ಜಾಗದಲ್ಲಿ ಇಟ್ಟಿದ್ದ ಚೀಲಗಳು ಕರಗಿ ಹಿಡಿಕೆಗಳು ಕಳಚಿ ಬಿದ್ದವು. ಮನೆಯಲ್ಲಿ ಮಾರೋಕೆ ಏನೂ ಉಳಿಯದೆ ಮಕ್ಕಳ ಸ್ಕೂಲ್ ಪುಸ್ತಕ ಮಾರಿದ.

ನೆಥಾನಿಯಲ್ ಹೇವರ್ಡ್ ಅನ್ನೋನು ರಬ್ಬರಿಗೆ ಗಂಧಕ ಹಾಕಿ ಬಿಸಿಲಲ್ಲಿ ಒಣಗಿಸ್ತಿದ್ದ. ಅದರ ಹಕ್ಕನ್ನ ಗುಡ್‌ಇಯರ್ ಕೊಂಡ. ಇದರಿಂದ ಮೇಲಿನ ಪದರ ಮಾತ್ರ ಗಟ್ಟಿಯಾಗ್ತಿತ್ತು. 1839ರ ಚಳಿಗಾಲದಲ್ಲಿ, ವೋಬರ್ನ್ ಅನ್ನೋ ಊರಲ್ಲಿ, ಗಂಧಕ ಬೆರೆಸಿದ ರಬ್ಬರ್ ತುಂಡೊಂದು ಬಿಸಿ ಒಲೆಗೆ ತಾಕಿತು. ಕರಗಬೇಕಿದ್ದದ್ದು ಕರಗಲಿಲ್ಲ, ಚರ್ಮದ ಥರ ಸುಟ್ಟಿತು. ಸುಟ್ಟ ಭಾಗದ ಅಂಚಲ್ಲಿ ಮಾತ್ರ ಮೆತ್ತಗೆ, ಎಳೆದ್ರೆ ಹಿಗ್ಗಿ ವಾಪಸ್ ಬರೋ ಹಾಗಿತ್ತು. ಅದನ್ನ ರಾತ್ರಿ ಚಳಿಯಲ್ಲಿ ಬಾಗಿಲ ಹೊರಗೆ ಮೊಳೆ ಹೊಡೆದು ಇಟ್ಟ. ಬೆಳಿಗ್ಗೆ ನೋಡಿದ್ರೆ ಹಾಗೇ ಇತ್ತು, ಒಡೆದಿರಲಿಲ್ಲ.

ಗೂಗಲ್ ಮಾಡಿದ್ರೆ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯತ್ತೆ, ಆಕ್ಸಿಡೆಂಟಲ್ ಡಿಸ್ಕವರಿ ಅಂತ ಲಿಸ್ಟ್‌ಗೆ ಸೇರಿಸಿಬಿಡ್ತಾರೆ. ಆದರೆ ಒಲೆಗೆ ತಾಕೋ ಮುಂಚೆ ಐದು ವರ್ಷದ ಕೆಲಸ ಇತ್ತು. ತಾಕಿದ ಮೇಲೂ ಐದು ವರ್ಷ ಹಿಡೀತು. ಎಷ್ಟು ಗಂಧಕ, ಎಷ್ಟು ಬಿಸಿ, ಎಷ್ಟು ಹೊತ್ತು ಅಂತ ಗೊತ್ತಾಗಬೇಕಿತ್ತು. ಕಡಿಮೆ ಆದ್ರೆ ಅಂಟು, ಜಾಸ್ತಿ ಆದ್ರೆ ಇದ್ದಿಲು. ಪರಿಚಯದವರ ಕಾರ್ಖಾನೆ ಒಲೆ, ಅಡುಗೆಮನೆ ಒಲೆ, ಎಲ್ಲಿ ಬೆಂಕಿ ಸಿಕ್ಕಿದ್ರೆ ಅಲ್ಲಿ ಬೇಯಿಸಿದ. ಕೊನೆಗೆ ನಿಂತಿದ್ದು 25 ಭಾಗ ರಬ್ಬರ್, 5 ಭಾಗ ಗಂಧಕ, 7 ಭಾಗ ಸೀಸದ ಬಿಳಿ ಪುಡಿ, ಸುಮಾರು 132 ಡಿಗ್ರಿ ಸೆಲ್ಸಿಯಸ್ ಶಾಖ. 1844ರ ಜೂನ್ 15ಕ್ಕೆ ಪೇಟೆಂಟ್ ಸಿಕ್ತು, ನಂಬರ್ 3633.

ಒಳಗೆ ಏನಾಗತ್ತೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ, ಮೆಟೀರಿಯಲ್ ಸೈನ್ಸ್ ಓದೋ ನಮಗೆ ಗೊತ್ತು. ಕಚ್ಚಾ ರಬ್ಬರ್ ಅಂದ್ರೆ ಉದ್ದುದ್ದ ಅಣುಸರಪಳಿಗಳ ರಾಶಿ. ಬಿಸಿಯಾದ್ರೆ ಒಂದರ ಮೇಲೊಂದು ಜಾರತ್ತೆ. ಗಂಧಕ ಅವುಗಳ ನಡುವೆ ಅಲ್ಲಲ್ಲಿ ಗಂಟು ಹಾಕತ್ತೆ. ಆಮೇಲೆ ಎಳೆದ್ರೂ ತಿರುಚಿದ್ರೂ ಸರಪಳಿಗಳು ಮೊದಲಿನ ಜಾಗಕ್ಕೆ ಬರ್ತವೆ. ಅದಕ್ಕೇ ಬುಷ್ ಹಾಕೋವಾಗ ಆರ್ಮ್ ಬೋಲ್ಟ್‌ನ ಗಾಡಿ ಜಾಕ್ ಮೇಲಿದ್ದಾಗ ಕೊನೆಯ ಟೈಟ್ ಮಾಡಬಾರದು. ಆಗ ಚಕ್ರ ಜೋತುಬಿದ್ದಿರತ್ತೆ, ರಬ್ಬರ್ ಅದನ್ನೇ ತನ್ನ ಜಾಗ ಅಂದುಕೊಳ್ಳತ್ತೆ. ಗಾಡಿ ಕೆಳಗಿಳಿಸಿದ ಮೇಲೆ ನಿಂತಲ್ಲೇ ತಿರುಚಿಕೊಂಡಿರತ್ತೆ, ಬೇಗ ಹರಿಯತ್ತೆ. ಚಕ್ರದ ಮೇಲೆ ಗಾಡಿ ಭಾರ ಬಿದ್ದ ಮೇಲೆ ಟೈಟ್ ಮಾಡಿದ್ರೆ ಬಾಳಿಕೆ ಬರತ್ತೆ. ಪೆಟ್ರೋಲಿಯಂ ಗ್ರೀಸ್ ಹಚ್ಚಿ ಕೂರಿಸೋದೂ ತಪ್ಪು, ಎಣ್ಣೆಗೆ ನ್ಯಾಚುರಲ್ ರಬ್ಬರ್ ಊದಿಕೊಳ್ಳತ್ತೆ.

ಪೇಟೆಂಟ್ ಸಿಕ್ಕ ಮೇಲೂ ಗುಡ್‌ಇಯರ್‌ಗೆ ದುಡ್ಡು ಉಳೀಲಿಲ್ಲ. ಅವನ ಸ್ಯಾಂಪಲ್ ಇಂಗ್ಲೆಂಡ್‌ಗೆ ಹೋಗಿತ್ತು. ಅದನ್ನ ನೋಡಿದ್ದ ಥಾಮಸ್ ಹ್ಯಾಂಕಾಕ್ ತಾನೂ ಪ್ರಯೋಗ ಮಾಡಿ ಅಲ್ಲಿನ ಪೇಟೆಂಟ್ ಮೊದಲೇ ಹಾಕಿಬಿಟ್ಟ. ವಲ್ಕನೈಸೇಷನ್ ಅನ್ನೋ ಹೆಸರು ಬಂದಿದ್ದೂ ಹ್ಯಾಂಕಾಕ್‌ನ ಸ್ನೇಹಿತನಿಂದ, ರೋಮನ್ನರ ಅಗ್ನಿದೇವ ವಲ್ಕನ್ ಹೆಸರಲ್ಲಿ. ಅಮೆರಿಕದಲ್ಲಿ ಕದ್ದು ಮಾಡೋರ ಮೇಲೆ ಕೇಸ್ ಮೇಲೆ ಕೇಸ್. 1852ರ ದೊಡ್ಡ ಕೇಸನ್ನ ಡೇನಿಯಲ್ ವೆಬ್‌ಸ್ಟರ್ ಅನ್ನೋ ಪ್ರಸಿದ್ಧ ವಕೀಲ ಗೆದ್ದುಕೊಟ್ಟ. ಗೆದ್ದರೂ ವಕೀಲರ ಫೀಸೇ ದೊಡ್ಡದಾಗಿತ್ತು. ಬಂದ ದುಡ್ಡನ್ನ ಗುಡ್‌ಇಯರ್ ಮತ್ತೆ ರಬ್ಬರ್ ಪ್ರದರ್ಶನಕ್ಕೇ ಸುರಿದ. 1855ರಲ್ಲಿ ಪ್ಯಾರಿಸ್‌ನಲ್ಲಿ ಸಾಲಕ್ಕೆ ಜೈಲು ಸೇರಿದ. ಫ್ರಾನ್ಸ್ ಸರ್ಕಾರದ ಲೀಜನ್ ಆಫ್ ಆನರ್ ಪದಕ ಅವನ ಕೈ ಸೇರಿದ್ದು ಆ ಜೈಲಲ್ಲೇ. 1860ರ ಜುಲೈ 1ರಂದು, ಸಾಯ್ತಿದ್ದ ಮಗಳನ್ನ ನೋಡೋಕೆ ಹೊರಟವನು ನ್ಯೂಯಾರ್ಕ್‌ನಲ್ಲಿ ತೀರಿಕೊಂಡ. ಅಷ್ಟರಲ್ಲಿ ಮಗಳು ಹೋಗಿಬಿಟ್ಟಿದ್ದಳು. ಉಳಿದಿದ್ದು ಸುಮಾರು 2 ಲಕ್ಷ ಡಾಲರ್ ಸಾಲ.

ಅವನು ಸತ್ತ 16 ವರ್ಷಕ್ಕೆ, 1876ರಲ್ಲಿ, ಬ್ರೆಜಿಲ್‌ನಿಂದ ರಬ್ಬರ್ ಬೀಜ ಲಂಡನ್‌ಗೆ ಬಂತು, ಅಲ್ಲಿಂದ ಸಸಿಗಳು ಏಷ್ಯಾಕ್ಕೆ. ಇವತ್ತು ನಮ್ಮ ಹಾಸನದಿಂದ ಘಾಟಿ ಇಳಿದು ಸುಳ್ಯ, ಪುತ್ತೂರು ಕಡೆ ಹೋದ್ರೆ ಮರಕ್ಕೆ ಚಿಪ್ಪು ಕಟ್ಟಿ ಹಾಲು ತೆಗೀತಿರೋದು ಕಾಣತ್ತೆ. ಗಂಧಕ ಮತ್ತು ಬೆಂಕಿ ಇಲ್ಲದೇ ಇದ್ರೆ ಆ ಹಾಲಿಗೆ ಇಷ್ಟು ಬೆಲೆ ಬರ್ತಿರಲಿಲ್ಲ.

ಕಷ್ಟಪಟ್ಟರೆ ಗೆಲುವು ಗ್ಯಾರಂಟಿ ಅಂತ ನಮಗೆ ಹೇಳ್ತಾನೇ ಇರ್ತಾರೆ. ಗುಡ್‌ಇಯರ್ ಜೀವನ ಆ ಮಾತಿಗೆ ಸರಿಯಾಗಿ ಹೊಂದಲ್ಲ. ಅವನ ಕೆಲಸ ಗೆದ್ದಿತು, ಅವನು ಗೆಲ್ಲಲಿಲ್ಲ. ಅವನ ಹಠದ ಬಿಲ್ಲನ್ನ ಹೆಚ್ಚಾಗಿ ಕಟ್ಟಿದ್ದು ಕ್ಲಾರಿಸಾ ಮತ್ತು ಮಕ್ಕಳು, ಅವರನ್ನ ಯಾರೂ ಕೇಳಿರಲಿಲ್ಲ. ಅವನ ಹಠ ನನಗೆ ಇಷ್ಟ, ಆದರೆ ಆ ಪುಸ್ತಕ ಮಾರಿದ ವಿಷಯ ಓದಿದ ಮೇಲೆ ಪೂರ್ತಿ ಮೆಚ್ಚೋಕೆ ಆಗಲ್ಲ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳೋದೇ ಸರಿ ಅನ್ಸತ್ತೆ.

ನಿಮ್ಮ ಮನೆ ಕಾರಿಗೆ ಬುಷ್ ಬದಲಾಯಿಸಿದ್ರೆ ಹಳೇದನ್ನ ಬಿಸಾಕೋ ಮುಂಚೆ ಒಂದ್ಸಲ ಕೈಯಲ್ಲಿ ಹಿಡಿದು ನೋಡಿ. ಬಿರುಕು ಬಿಟ್ಟಿರತ್ತೆ, ಹರಿದಿರತ್ತೆ, ಆದರೆ ಕರಗಿ ಅಂಟಾಗಿರಲ್ಲ. ಆ ಒಂದು ವ್ಯತ್ಯಾಸಕ್ಕೆ ಹತ್ತು ವರ್ಷ ಹಿಡೀತು.