ಪಿಯಾನೊ ಕಲಾವಿದನಾಗಲು ಹೊರಟಿದ್ದ ಯುವಕ ಮಹಾರಾಜನಾದ ಕಥೆ: ಮೈಸೂರಿನಿಂದ ಲಂಡನ್‌ವರೆಗೆ ಜಯಚಾಮರಾಜೇಂದ್ರ ಒಡೆಯರ್ ಸಂಗೀತಯಾನ

ಹೈದರಾಬಾದ್: ಸಂಜೆಯಾದರೆ ಹೈದರಾಬಾದ್, ಸಿಕಂದರಾಬಾದ್‌ನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಪಿಯಾನೊ ಪಾಠ ಶುರುವಾಗುತ್ತದೆ. ದೊಡ್ಡ ಶಾಲೆಯಿಲ್ಲ, ಬೋರ್ಡ್ ಇಲ್ಲ. ಒಬ್ಬ ಶಿಕ್ಷಕಿ, ಒಬ್ಬ ವಿದ್ಯಾರ್ಥಿ, ವಾರಕ್ಕೊಂದೋ ಎರಡೋ ತರಗತಿ. ಲಂಡನ್‌ನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆಗೆ ಸಿದ್ಧತೆ. ಮಗುವಿನ ಹತ್ತನೇ ತರಗತಿ ಹತ್ತಿರ ಬಂದಾಗ ಎಷ್ಟೋ ಮನೆಗಳಲ್ಲಿ ಪಿಯಾನೊ ಮುಚ್ಚುತ್ತದೆ. ಇದೊಂದು ವರ್ಷ ನಿಲ್ಲಿಸೋಣ, ಆಮೇಲೆ ನೋಡೋಣ ಎನ್ನುತ್ತಾರೆ ಹೆತ್ತವರು. ಆ 'ಆಮೇಲೆ' ಬಹುತೇಕರಿಗೆ ಬರುವುದೇ ಇಲ್ಲ.

ಇಂಥದ್ದೇ ಸಂದರ್ಭ ಸುಮಾರು 85 ವರ್ಷಗಳ ಹಿಂದೆ ಮೈಸೂರಿನ ಯುವಕನೊಬ್ಬನಿಗೆ ಬಂದಿತ್ತು. ಆದರೆ ಅವರ ಪಿಯಾನೊ ಪಾಠಕ್ಕೆ ಅಡ್ಡ ಬಂದಿದ್ದು ಪರೀಕ್ಷೆಯಲ್ಲ, ಸಿಂಹಾಸನ! ಅವರೇ ಮೈಸೂರು ಸಂಸ್ಥಾನದ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ರಾಜ್ಯಪಾಲರಾಗಿ, ವಿದ್ವಾಂಸರಾಗಿ, ವಾಗ್ಗೇಯಕಾರರಾಗಿ ಕನ್ನಡಿಗರಿಗೆ ಪರಿಚಿತರಾದ ಅವರು ಯೌವನದಲ್ಲಿ ಕಂಡ ಕನಸು ಮಾತ್ರ ಬೇರೆಯೇ ಆಗಿತ್ತು. ವೇದಿಕೆಯ ಮೇಲೆ ಕುಳಿತು ಪಿಯಾನೊ ಕಛೇರಿ ನೀಡುವ ಕಲಾವಿದನಾಗಬೇಕೆಂಬುದು ಅವರ ಆಸೆಯಾಗಿತ್ತು.

ಸಂಗೀತವೇ ತುಂಬಿದ್ದ ಅರಮನೆ

ಜಯಚಾಮರಾಜೇಂದ್ರ ಒಡೆಯರ್ ಜನಿಸಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪು ಚೆಲುವಾಜಮ್ಮಣ್ಣಿ. ದಂಪತಿಯ ಏಕೈಕ ಪುತ್ರ ಇವರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಆಗ ಮೈಸೂರಿನ ದೊರೆ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಹೀಗಾಗಿ ಅವರ ನಂತರ ತಮ್ಮ ನರಸಿಂಹರಾಜರು, ಅವರ ನಂತರ ಈ ಬಾಲಕ ಪಟ್ಟಕ್ಕೆ ಬರಬೇಕಿತ್ತು. ಲೆಕ್ಕದ ಪ್ರಕಾರ ಹುಡುಗನ ಕೈಯಲ್ಲಿ ಬೇಕಾದಷ್ಟು ಸಮಯವಿತ್ತು.

ಆ ಅರಮನೆಯಲ್ಲಿ ಸಂಗೀತಕ್ಕೆ ಬರವಿರಲಿಲ್ಲ. ನಾಲ್ವಡಿಯವರು ಸ್ವತಃ ವೀಣೆ, ಪಿಟೀಲು, ಪಿಯಾನೊ ಸೇರಿದಂತೆ ಹಲವು ವಾದ್ಯಗಳನ್ನು ಬಲ್ಲವರು. ವೀಣೆ ವೆಂಕಟಗಿರಿಯಪ್ಪ, ಮೈಸೂರು ವಾಸುದೇವಾಚಾರ್ಯರಂಥ ಆಸ್ಥಾನ ವಿದ್ವಾಂಸರು ಒಂದು ಕಡೆಯಾದರೆ, ಜರ್ಮನಿಯ ಒಟ್ಟೊ ಶ್ಮಿಟ್ ನಿರ್ದೇಶನದ ಪಾಶ್ಚಾತ್ಯ ವಾದ್ಯವೃಂದ ಇನ್ನೊಂದು ಕಡೆ. ಒಂದೇ ಸೂರಿನಡಿ ಎರಡು ಸಂಗೀತ ಲೋಕಗಳು.

ರಾಜಕುಮಾರನ ಮನಸ್ಸು ಮೊದಲು ವಾಲಿದ್ದು ಪಿಯಾನೊ ಕಡೆಗೆ. ತಂಗಿ ವಿಜಯಾದೇವಿ ಅವರದ್ದೂ ಅದೇ ಒಲವು. ಮುಂದೆ ವಿಜಯಾದೇವಿ ನ್ಯೂಯಾರ್ಕ್‌ನಲ್ಲಿ ಖ್ಯಾತ ಪಿಯಾನೊ ಗುರು ಎಡ್ವರ್ಡ್ ಸ್ಟೂಯರ್ಮನ್ ಅವರ ಬಳಿ ಕಲಿತರು. 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಆ್ಯಂಡ್ ಆರ್ಟ್ಸ್ ಸೊಸೈಟಿ ಸ್ಥಾಪಿಸಿದ್ದೂ ಅವರೇ.

ಪಿಯಾನೊ ಪಾಠ ಏಕೆ ಕಷ್ಟ?

ವೀಣೆಯಲ್ಲಿ ತಂತಿಯನ್ನು ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಗಮಕವೇ ಅದರ ಜೀವಾಳ. ಪಿಯಾನೊದಲ್ಲಿ ಹಾಗಿಲ್ಲ. ಒಂದು ಕೀಲಿಗೆ ಒಂದೇ ಸ್ವರ. ಒತ್ತಿದ ಮೇಲೆ ಅದನ್ನು ಬಾಗಿಸುವಂತಿಲ್ಲ. ಬಲಗೈ ಒಂದು ದಾರಿಯಲ್ಲಿ ಹೋದರೆ ಎಡಗೈ ಇನ್ನೊಂದು ದಾರಿಯಲ್ಲಿ ಹೋಗಬೇಕು. ಬರೆದಿಟ್ಟ ಸ್ವರಲಿಪಿಯನ್ನು ಕಣ್ಣು ಓದುತ್ತಿದ್ದಂತೆ ಹತ್ತು ಬೆರಳುಗಳೂ ಅದನ್ನು ಪಾಲಿಸಬೇಕು. ಇದಕ್ಕೆ ಗುರುವಿನ ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ಕಲಿಯುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಈ ವಿಚಾರದಲ್ಲಿ ರಾಜನ ಮಗನೂ ಒಂದೇ, ಗುಮಾಸ್ತನ ಮಗನೂ ಒಂದೇ.

ರಾಜಕುಮಾರ ಇದನ್ನು ಹವ್ಯಾಸವಾಗಿ ಬಿಡಲಿಲ್ಲ ಎಂಬುದಕ್ಕೆ ಅವರು ಪಡೆದ ಪದವಿಯೇ ಸಾಕ್ಷಿ. ಲಂಡನ್‌ನ ಗಿಲ್ಡ್‌ಹಾಲ್ ಸ್ಕೂಲ್ ಆಫ್ ಮ್ಯೂಸಿಕ್‌ನ ಲೈಸೆನ್ಷಿಯೇಟ್ ಅವರಿಗೆ ದೊರೆಯಿತು. ಇದು ಮಕ್ಕಳ ಗ್ರೇಡ್ ಪರೀಕ್ಷೆಗಳನ್ನೆಲ್ಲ ದಾಟಿದ ನಂತರದ ಮೆಟ್ಟಿಲು. ವೃತ್ತಿಪರ ಮಟ್ಟದ ಅರ್ಹತೆ. 1945ರಲ್ಲಿ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್ ಅವರನ್ನು ಗೌರವ ಫೆಲೋ ಆಗಿ ಸೇರಿಸಿಕೊಂಡಿತು.

ಓದಿನಲ್ಲೂ ಅವರು ಹಿಂದೆ ಬೀಳಲಿಲ್ಲ. 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದಕಗಳೊಂದಿಗೆ ಪದವಿ ಪಡೆದರು. 1939ರಲ್ಲಿ ಯುರೋಪ್ ಪ್ರವಾಸ ಕೈಗೊಂಡು ಲಂಡನ್‌ನ ಸಂಘ ಸಂಸ್ಥೆಗಳನ್ನು ಕಂಡರು, ಕಲಾವಿದರನ್ನು, ವಿದ್ವಾಂಸರನ್ನು ಪರಿಚಯ ಮಾಡಿಕೊಂಡರು. ಇನ್ನೇನು ದಾರಿ ತೆರೆಯಿತು ಎನ್ನುವಷ್ಟರಲ್ಲಿ ಎಲ್ಲವೂ ತಲೆಕೆಳಗಾಯಿತು.

ಐದೇ ತಿಂಗಳಲ್ಲಿ ಎರಡು ಸಾವು

1940ರ ಮಾರ್ಚ್ 11ರಂದು ತಂದೆ ನರಸಿಂಹರಾಜ ಒಡೆಯರ್ ಮುಂಬೈನಲ್ಲಿ ನಿಧನರಾದರು. ಇಪ್ಪತ್ತು ವರ್ಷದ ಮಗ ಯುವರಾಜನಾದ. ಅದೇ ವರ್ಷ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಕೂಡ ಕಣ್ಮುಚ್ಚಿದರು. ಸೆಪ್ಟೆಂಬರ್ 8ರಂದು ಜಯಚಾಮರಾಜೇಂದ್ರ ಒಡೆಯರ್ ಪಟ್ಟಕ್ಕೆ ಬಂದರು. ಆಗ ಅವರಿಗೆ 21 ವರ್ಷ.

ಎರಡನೇ ಮಹಾಯುದ್ಧ ಆಗಲೇ ಆರಂಭವಾಗಿತ್ತು. ಆಡಳಿತ ನೋಡಿಕೊಳ್ಳಬೇಕಾದ ದೊರೆ ಊರೂರು ಸುತ್ತಿ ಪಿಯಾನೊ ಕಛೇರಿ ನೀಡುವ ಪ್ರಶ್ನೆಯೇ ಇರಲಿಲ್ಲ. ಕಲಾವಿದನಾಗುವ ಕನಸು ಅಲ್ಲಿಗೆ ಮುಗಿಯಿತು.

ಆದರೆ ಅವರು ಸಂಗೀತವನ್ನು ಬಿಡಲಿಲ್ಲ. ನುಡಿಸಲಾಗದವನು ಕೇಳಬಹುದು ತಾನೇ? ಅರಮನೆಯಲ್ಲಿ ಗ್ರಾಮಫೋನ್ ತಟ್ಟೆಗಳ ಸಂಗ್ರಹ ಬೆಳೆಯತೊಡಗಿತು. 1946ರಲ್ಲಿ ಮೈಸೂರಿಗೆ ಬಂದಿದ್ದ ಲಂಡನ್‌ನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್, ಅಲ್ಲಿ ಸಾವಿರಾರು ತಟ್ಟೆಗಳು, ದೊಡ್ಡ ದೊಡ್ಡ ಧ್ವನಿವರ್ಧಕಗಳು ಮತ್ತು ಗ್ರ್ಯಾಂಡ್ ಪಿಯಾನೊಗಳನ್ನು ಕಂಡು ಬೆರಗಾಗಿದ್ದನ್ನು ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ.

ಮನೆಪಾಠ ಹೇಳಿ ಬದುಕುತ್ತಿದ್ದ ಮೇಧಾವಿ

ಮಹಾರಾಜರ ಕಿವಿಗೆ ಹಿಡಿಸಿದ್ದು ಲಂಡನ್‌ನಲ್ಲೂ ಹೆಚ್ಚು ಜನ ಕೇಳದಿದ್ದ ಒಬ್ಬ ರಚನೆಕಾರನ ಸಂಗೀತ. ಹೆಸರು ನಿಕೊಲಾಯ್ ಮೆಡ್ಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಈ ರಷ್ಯನ್ ಪಿಯಾನೊ ವಾದಕ, ವಿಶ್ವವಿಖ್ಯಾತ ಸೆರ್ಗೆಯ್ ರಾಖ್ಮನಿನೋವ್ ಅವರ ಆಪ್ತ ಗೆಳೆಯ. ರಾಖ್ಮನಿನೋವ್ ತಮ್ಮ ನಾಲ್ಕನೇ ಪಿಯಾನೊ ಕಾನ್ಸರ್ಟೊವನ್ನು ಅರ್ಪಿಸಿದ್ದು ಇದೇ ಮೆಡ್ಟ್ನರ್‌ಗೆ.

ಇಷ್ಟಾದರೂ ಬದುಕು ಮಾತ್ರ ಬಡತನದ್ದು. ಕ್ರಾಂತಿಯ ನಂತರ ರಷ್ಯಾ ಬಿಟ್ಟು, ಜರ್ಮನಿ, ಫ್ರಾನ್ಸ್ ಸುತ್ತಿ 1930ರ ದಶಕದ ಮಧ್ಯದಲ್ಲಿ ಲಂಡನ್‌ಗೆ ಬಂದು ನೆಲೆಸಿದ್ದರು. ಅಲ್ಲಿ ಹೊಟ್ಟೆಪಾಡಿಗೆ ಪಿಯಾನೊ ಮನೆಪಾಠ ಹೇಳುತ್ತಿದ್ದರು. ಯುದ್ಧ ಶುರುವಾಗುತ್ತಿದ್ದಂತೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಬಾಂಬ್ ದಾಳಿಯ ದಿನಗಳಲ್ಲಿ ಶಿಷ್ಯೆ ಎಡ್ನಾ ಐಲ್ಸ್ ಅವರ ಕುಟುಂಬ ಲಂಡನ್‌ನ ಹೊರಗೆ ಆಶ್ರಯ ಕೊಟ್ಟಿತು. 1942ರಲ್ಲಿ ಹೃದಯಾಘಾತವೂ ಆಯಿತು.

ಈ ಹೊತ್ತಿನಲ್ಲಿ ನೆರವು ಬಂದಿದ್ದು ಸಾವಿರಾರು ಮೈಲಿ ದೂರದ ಮೈಸೂರಿನಿಂದ! ಮೆಡ್ಟ್ನರ್ ಸಂಗೀತವನ್ನು ಅವರಿಂದಲೇ ನುಡಿಸಿ ಧ್ವನಿಮುದ್ರಿಸಲು ಮಹಾರಾಜರು ಹಣ ಕೊಟ್ಟರು. ಇದಕ್ಕಾಗಿಯೇ ಮೆಡ್ಟ್ನರ್ ಸೊಸೈಟಿ ರೂಪುಗೊಂಡಿತು. 1947ರಲ್ಲಿ ಅವರ ಮೂರೂ ಪಿಯಾನೊ ಕಾನ್ಸರ್ಟೊಗಳು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮುದ್ರಣಗೊಂಡವು. ಆಗಿನ 78 ವೇಗದ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ನಾಲ್ಕೈದು ನಿಮಿಷದ ಸಂಗೀತ ಮಾತ್ರ. ಅರ್ಧ ಗಂಟೆಯ ಒಂದು ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು, ತಪ್ಪಿದರೆ ಆ ತುಂಡನ್ನು ಮತ್ತೆ ಮೊದಲಿನಿಂದ ನುಡಿಸಬೇಕು. 67 ವರ್ಷದ, ಹೃದ್ರೋಗಿ ಕಲಾವಿದ ಅದನ್ನು ಮಾಡಿ ಮುಗಿಸಿದರು. 1950ರಲ್ಲಿ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರ ಹಾಡುಗಳಿಗೂ ಪಿಯಾನೊ ನುಡಿಸಿದರು.

1951ರ ನವೆಂಬರ್ 13ರಂದು ಮೆಡ್ಟ್ನರ್ ನಿಧನರಾದರು. ಅವರ ಮೂರನೇ ಕಾನ್ಸರ್ಟೊ ಮೈಸೂರು ಮಹಾರಾಜರಿಗೆ ಅರ್ಪಿತವಾಗಿದೆ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಅದರ ಸ್ವರಲಿಪಿ ತೆರೆದರೂ ಮೈಸೂರಿನ ಹೆಸರು ಕಾಣುತ್ತದೆ.

ಸ್ಟ್ರಾಸ್ ಹಾಡುಗಳಿಗೂ ಮೈಸೂರಿನ ಬೆಂಬಲ

ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಗೆ ಆಗ ಹಣದ ಅಡಚಣೆಯಿತ್ತು. ಮಹಾರಾಜರು ವರ್ಷಕ್ಕೆ 10,000 ಪೌಂಡ್‌ನಂತೆ ಮೂರು ವರ್ಷ ನೆರವು ನೀಡಲು ಒಪ್ಪಿದರು ಎಂದು ಲೆಗ್ ಬರೆದಿದ್ದಾರೆ. ಅಂದಿನ ವಿನಿಮಯ ದರದಲ್ಲಿ ಇದು ವರ್ಷಕ್ಕೆ ಸುಮಾರು 1.33 ಲಕ್ಷ ರೂಪಾಯಿ. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು ಜಯಚಾಮರಾಜೇಂದ್ರ ಒಡೆಯರ್. ಆ ದಿನಗಳಲ್ಲಿ ಇದೇ ಆರ್ಕೆಸ್ಟ್ರಾ, ಹರ್ಬರ್ಟ್ ಫಾನ್ ಕರಾಯನ್ ನಿರ್ದೇಶನದಲ್ಲಿ ಬಲಾಕಿರೆವ್‌ನ ಮೊದಲ ಸಿಂಫನಿಯಂಥ ಅಪರೂಪದ ಕೃತಿಗಳನ್ನೂ ಮುದ್ರಿಸಿತು.

1950ರ ಮೇ 22ರಂದು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಐತಿಹಾಸಿಕ ಕಛೇರಿಯೊಂದು ನಡೆಯಿತು. ಅದಕ್ಕೂ ಎಂಟು ತಿಂಗಳ ಹಿಂದೆ ತೀರಿಕೊಂಡಿದ್ದ ಜರ್ಮನ್ ರಚನೆಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನವದು. ಹಾಡಿದವರು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ನಿರ್ದೇಶನ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಕಛೇರಿಗೆ 4,800 ಡಾಲರ್ ಖಾತರಿ ನಿಂತವರು ಮೈಸೂರು ಮಹಾರಾಜರು. ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಅವರು ಕೇಳಲೆಂದೇ ಕಛೇರಿಯನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳುಹಿಸಲಾಯಿತು. ಆ ಮುದ್ರಣದ ಪ್ರತಿಯಿಂದಾಗಿಯೇ ಇಂದಿನ ಕೇಳುಗರೂ ಆ ಸಂಜೆಯನ್ನು ಕೇಳಬಹುದು.

ಕೇಳಲೇಬೇಕಾದ ಪ್ರಶ್ನೆ

ಈ ಕಥೆಗೆ ಇನ್ನೊಂದು ಮಗ್ಗುಲೂ ಇದೆ. 1946ರಲ್ಲಿ ಮಳೆ ಕೈಕೊಟ್ಟು ಮೈಸೂರು ಸಂಸ್ಥಾನದಲ್ಲಿ ಆಹಾರಕ್ಕೆ ಕೊರತೆಯಿತ್ತು, ಜನ ಪಡಿತರಕ್ಕೆ ಸಾಲುಗಟ್ಟುತ್ತಿದ್ದರು. ಮೆಡ್ಟ್ನರ್ ಕಾನ್ಸರ್ಟೊಗಳು ಮುದ್ರಣವಾದ 1947ರಲ್ಲೇ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆಯಿತು. ಸೆಪ್ಟೆಂಬರ್‌ನಲ್ಲಿ ಸಾವಿರಾರು ಮಂದಿ ಬೀದಿಗಿಳಿದು ಜೈಲು ಸೇರಿದರು. ದೊರೆಯ ಬಳಿಯಿದ್ದ ಹಣ ಮೂಲತಃ ಇದೇ ಪ್ರಜೆಗಳ ದುಡಿಮೆಯದ್ದು. ಅದು ಲಂಡನ್‌ನ ಸಂಗೀತಕ್ಕೆ ಹೋಗಬೇಕಿತ್ತೇ ಎಂಬ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕಲಾಗದು. ಅವರ ಸಂಗೀತಪ್ರೇಮವನ್ನು ಮೆಚ್ಚುವಾಗ ಇದನ್ನೂ ನೆನಪಿಡಬೇಕಾಗುತ್ತದೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ನೇತೃತ್ವದ ಜನಪ್ರತಿನಿಧಿ ಸರ್ಕಾರಕ್ಕೆ ಮಹಾರಾಜರು ಅಧಿಕಾರ ಬಿಟ್ಟುಕೊಟ್ಟರು ಎಂಬುದೂ ಇತಿಹಾಸವೇ. ಆಗಸ್ಟ್‌ನಲ್ಲೇ ಭಾರತ ಒಕ್ಕೂಟ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. 1950ರಲ್ಲಿ ರಾಜಪ್ರಮುಖರಾದರು.

ಪಿಯಾನೊದಿಂದ ಶ್ರೀವಿದ್ಯೆಗೆ

1940ರ ದಶಕದಲ್ಲೇ ಅವರ ಸಂಗೀತಕ್ಕೆ ಇನ್ನೊಂದು ತಿರುವು ಸಿಕ್ಕಿತು. ವೆಂಕಟಗಿರಿಯಪ್ಪ, ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಅವರು ಕರ್ನಾಟಕ ಸಂಗೀತದ ಆಳಕ್ಕೆ ಇಳಿದರು. ದೇಶ ಆಳುವ ದೊರೆ ಮತ್ತೆ ಶಿಷ್ಯನಾಗಿ ಗುರುವಿನ ಮುಂದೆ ಕುಳಿತರು. ದೇವಿಯ ಉಪಾಸಕರಾಗಿದ್ದ ಅವರು 'ಶ್ರೀವಿದ್ಯಾ' ಅಂಕಿತದಲ್ಲಿ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ಅಠಾಣ, ಗಂಭೀರನಾಟ ರಾಗಗಳಲ್ಲಿ ಅವರು ರಚಿಸಿದ ಕೃತಿಗಳನ್ನು ಇಂದಿಗೂ ಕಛೇರಿಗಳಲ್ಲಿ ಹಾಡುತ್ತಾರೆ. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಫೆಲೋಶಿಪ್ ಅವರಿಗೆ ಸಂದಿತು.

ಹೈದರಾಬಾದ್ ಕನ್ನಡಿಗರಿಗೂ ಅವರೊಂದಿಗೆ ನಂಟಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಸೇರಿ ವಿಶಾಲ ಮೈಸೂರು ರಾಜ್ಯ ಉದಯವಾದಾಗ, ಅದರ ಮೊದಲ ರಾಜ್ಯಪಾಲರಾದವರು ಇದೇ ಜಯಚಾಮರಾಜೇಂದ್ರ ಒಡೆಯರ್. 1964ರವರೆಗೆ ಆ ಹುದ್ದೆಯಲ್ಲಿದ್ದು, ಬಳಿಕ 1966ರವರೆಗೆ ಮದ್ರಾಸ್ ರಾಜ್ಯಪಾಲರಾಗಿದ್ದರು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ ಬರೀ 55 ವರ್ಷ.

ಅವರು ಕಛೇರಿ ಪಿಯಾನೊ ವಾದಕರಾಗಲಿಲ್ಲ. ಆದರೆ ಬಾಲ್ಯದಲ್ಲಿ ಗುರುವಿನ ಪಕ್ಕ ಕುಳಿತು ಕಲಿತ ಪಾಠ ವ್ಯರ್ಥವಾಗಲಿಲ್ಲ. ಕಲಿತಿದ್ದರಿಂದಲೇ ಅವರಿಗೆ ಯಾರೂ ಗಮನಿಸದ ಮೆಡ್ಟ್ನರ್ ಸಂಗೀತದ ಬೆಲೆ ತಿಳಿಯಿತು. ಮನೆಪಾಠ ಹೇಳಿ ಬದುಕುತ್ತಿದ್ದ ಆ ಮುದುಕನ ಪಿಯಾನೊ ದನಿ ಇಂದಿಗೂ ಕೇಳಸಿಗುತ್ತದೆ. ಹತ್ತನೇ ತರಗತಿಗೆಂದು ಮಗುವಿನ ಪಿಯಾನೊ ಮುಚ್ಚುವ ಮುನ್ನ ಹೆತ್ತವರು ಒಮ್ಮೆ ಅದನ್ನು ಕೇಳಿ ನೋಡಬಹುದು.