ವಿದ್ಯಾಪಕ್ಷಪಾತಿ ವಿಜ್ಞಾನಿ: ಡಾ. ವಿಕ್ರಮ ಸಾರಾಭಾಯಿಯವರು

ಗಡಿನಾಡಿನ ಕನ್ನಡ ಸಂಘವೊಂದರ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಗುಜರಾತಿನ ವಿಜ್ಞಾನಿಯೊಬ್ಬರ ಜೀವನಚರಿತ್ರೆಗೆ ಸ್ಥಳವೇಕೆಂದು ವಾಚಕರಲ್ಲಿ ಕೆಲವರಿಗಾದರೂ ತೋರಬಹುದು. ಗಗನಕ್ಕೇರುವ ರಾಕೆಟ್ಟಿಗೂ ಹಳ್ಳಿಯ ಶಾಲೆಯ ಕರಿಹಲಗೆಗೂ ಸಂಬಂಧವುಂಟೆಂದು ನಂಬಿ, ಆ ಸಂಬಂಧವನ್ನು ಬೆಸೆಯುವುದರಲ್ಲಿಯೇ ಆಯುಷ್ಯವನ್ನು ಸವೆಸಿದ ಮಹನೀಯರು ಡಾ. ವಿಕ್ರಮ ಸಾರಾಭಾಯಿಯವರು. ಅವರು ಬಿತ್ತಿದ ಬೀಜದ ಫಲವು ಕನ್ನಡ ನುಡಿಯಲ್ಲಿ ನಮ್ಮ ನೆರೆಯವರೆಗೂ ಬಂದುದನ್ನು ನೆನೆದರೆ ಈ ಸಂಶಯವು ತಾನಾಗಿಯೇ ನಿವಾರಣೆಯಾಗುವುದು.

ವಿಕ್ರಮರು 1919ನೆಯ ಇಸವಿ ಆಗಸ್ಟ್ 12ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲರು ಹತ್ತಿಗಿರಣಿಗಳ ಒಡೆಯರು, ತಾಯಿ ಸರಳಾದೇವಿಯವರು. ಎಂಟು ಮಂದಿ ಮಕ್ಕಳ ತಾಯಿಯಾದ ಆ ವಿವೇಕಿನಿಯು ಮನೆಯಲ್ಲಿಯೇ ಶಾಲೆಯೊಂದನ್ನು ತೆರೆದು, ಮಾಂಟೆಸರಿ ಕ್ರಮದಲ್ಲಿ ಪಾಠಗಳನ್ನು ಏರ್ಪಡಿಸಿದರು. ಮಗುವು ಕೇಳಿ ಬಾಯಿಪಾಠ ಮಾಡುವುದಕ್ಕಿಂತ ಕೈಯಿಂದ ಮಾಡಿ ಕಲಿಯುವುದು ಮೇಲೆಂಬ ಪಾಠವು ವಿಕ್ರಮರಿಗೆ ಹೀಗೆ ಮನೆಯಂಗಳದಲ್ಲಿಯೇ ದೊರೆಯಿತು. ಊರಿನ ಗುಜರಾತ್ ಕಾಲೇಜಿನಲ್ಲಿ ಓದಿದ ತರುವಾಯ ಅವರು ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ತೆರಳಿದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ವದೇಶಕ್ಕೆ ಮರಳಿದ ಅವರನ್ನು ಕನ್ನಡ ನಾಡು ಬರಮಾಡಿಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಆಶ್ರಯದಲ್ಲಿ ವಿಶ್ವಕಿರಣಗಳ ಸಂಶೋಧನೆಗೆ ತೊಡಗಿದರು. ಅವರ ಮೊದಲ ವಿಜ್ಞಾನ ಪ್ರಬಂಧವು 1942ರಲ್ಲಿ ಪ್ರಕಟವಾಯಿತು; ನೃತ್ಯವಿದುಷಿ ಮೃಣಾಲಿನಿಯವರನ್ನು ವರಿಸಿದುದೂ ಅದೇ ವರ್ಷ. ಯುದ್ಧವು ಮುಗಿದ ಮೇಲೆ ಮತ್ತೆ ಕೇಂಬ್ರಿಜ್ಜಿಗೆ ಹೋಗಿ 1947ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು.

ಸಿರಿವಂತರ ಮಗನಾದ ಅವರು ಸುಖವಾಗಿ ಕಾಲ ಕಳೆಯಬಹುದಾಗಿತ್ತು. ಆದರೆ ಸ್ವಾತಂತ್ರ್ಯ ಬಂದ ಆ ವರ್ಷವೇ, ಇನ್ನೂ ಇಪ್ಪತ್ತೆಂಟರ ಪ್ರಾಯದಲ್ಲಿ, ಅಹಮದಾಬಾದಿನ ಕಾಲೇಜೊಂದರ ಕೆಲವು ಕೊಠಡಿಗಳಲ್ಲಿ ಭೌತವಿಜ್ಞಾನ ಸಂಶೋಧನಾಲಯವನ್ನು ಆರಂಭಿಸಿದರು. ಜವಳಿ ಉದ್ಯಮದ ಸಂಶೋಧನೆಗಾಗಿ ಇನ್ನೊಂದು ಸಂಸ್ಥೆಯೂ ಅವರ ಶ್ರಮದಿಂದ ತಲೆಯೆತ್ತಿತು. ಇಂತಹ ಸಂಸ್ಥೆಯ ಮಹತ್ವವನ್ನು ಮಗ್ಗದ ಸದ್ದಿನಲ್ಲಿ ಬೆಳೆದ ನಮ್ಮ ಕೊಯಮತ್ತೂರು, ತಿರುಪ್ಪೂರುಗಳ ಕುಟುಂಬಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜವಳಿ ಸಂಶೋಧನೆಗೆಂದೇ ಮೀಸಲಾದ ಸಂಸ್ಥೆಯು ಕೊಯಮತ್ತೂರಿನಲ್ಲಿಯೂ ಮುಂದೆ ಸ್ಥಾಪಿತವಾಯಿತು.

ಭೌತವಿಜ್ಞಾನ ಸಂಶೋಧನಾಲಯವು ಗುರುಕುಲದಂತಿತ್ತು. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರು ಇಲ್ಲಿಯೇ ಸಾರಾಭಾಯಿಯವರ ಶಿಷ್ಯರಾಗಿ ಡಾಕ್ಟರ್ ಪದವಿಗೆ ಅಭ್ಯಾಸ ಮಾಡಿದರು. ಭಾರತದ ಮೊದಲ ಉಪಗ್ರಹವಾದ ಆರ್ಯಭಟವು ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಸಿದ್ಧವಾಗಿ 1975ರಲ್ಲಿ ಅಂತರಿಕ್ಷಕ್ಕೇರಿದುದು ಈ ಶಿಷ್ಯರ ನೇತೃತ್ವದಲ್ಲಿ.

1962ರಲ್ಲಿ ಕೇಂದ್ರ ಸರ್ಕಾರವು ಅಂತರಿಕ್ಷ ಸಂಶೋಧನೆಗೆ ರಾಷ್ಟ್ರೀಯ ಸಮಿತಿಯೊಂದನ್ನು ರಚಿಸಿ ಸಾರಾಭಾಯಿಯವರನ್ನು ಅಧ್ಯಕ್ಷರನ್ನಾಗಿ ಮಾಡಿತು. ಭೂಮಿಯ ಕಾಂತೀಯ ಸಮಭಾಜಕ ರೇಖೆಗೆ ಸಮೀಪದಲ್ಲಿದ್ದ ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ರಾಕೆಟ್ಟಿನ ನೆಲೆಗಾಗಿ ಆರಿಸಿದರು. ಅಲ್ಲಿಯ ಇಗರ್ಜಿಯೇ ಕಚೇರಿಯಾಯಿತು. ರಾಮೇಶ್ವರದ ಅಬ್ದುಲ್ ಕಲಾಮರೂ ಸೇರಿದಂತೆ ತರುಣ ಎಂಜಿನಿಯರುಗಳನ್ನು ಅಮೆರಿಕದ ನಾಸಾ ಸಂಸ್ಥೆಗೆ ತರಬೇತಿಗಾಗಿ ಕಳುಹಿಸಲಾಯಿತು. ಆ ಸಂಸ್ಥೆಯೇ ಒದಗಿಸಿದ ರಾಕೆಟ್ಟು 1963ರ ನವೆಂಬರ್ 21ರಂದು ತುಂಬಾದಿಂದ ಮೇಲೇರಿತು. 1969ರಲ್ಲಿ ಭಾರತೀಯ ಅಂತರಿಕ್ಷ ಸಂಶೋಧನಾ ಸಂಸ್ಥೆ, ಅಂದರೆ ಇಸ್ರೋ, ರೂಪುಗೊಂಡಿತು.

ಇಷ್ಟರಿಂದಲೇ ಅವರು ತೃಪ್ತರಾಗಲಿಲ್ಲ. ವಿಜ್ಞಾನಿಗಳು ತಮ್ಮ ಪ್ರಯೋಗಶಾಲೆಯ ಬಾಗಿಲನ್ನು ಮುಚ್ಚಿಕೊಂಡು ಕುಳಿತರೆ ಮುಂದಿನ ಪೀಳಿಗೆಯ ವಿಜ್ಞಾನಿಗಳು ಎಲ್ಲಿಂದ ಬರಬೇಕು? ಈ ಚಿಂತೆಯಿಂದ ಅವರು ತಮ್ಮ ಸಹೋದ್ಯೋಗಿಗಳನ್ನು ಶಾಲೆಗಳ ವಿಜ್ಞಾನ ಬೋಧನೆಯ ಸುಧಾರಣೆಗೆ ಹಚ್ಚಿದರು. ಇದರ ಫಲವಾಗಿ 1966ರಲ್ಲಿ ಅಹಮದಾಬಾದಿನಲ್ಲಿ ಸಮುದಾಯ ವಿಜ್ಞಾನ ಕೇಂದ್ರವು ಸ್ಥಾಪಿತವಾಯಿತು. ಮಕ್ಕಳು ಉಪಕರಣಗಳನ್ನು ಮುಟ್ಟಿ, ಬಿಚ್ಚಿ, ಜೋಡಿಸಿ ಕಲಿಯಬೇಕು. ಉಪಾಧ್ಯಾಯರಿಗೂ ಹೊಸ ಬೋಧನಕ್ರಮದ ಪರಿಚಯವಾಗಬೇಕು. ಇದು ಆ ಕೇಂದ್ರದ ಧ್ಯೇಯ. ಅಣುಶಕ್ತಿ ಆಯೋಗದ ಅಧ್ಯಕ್ಷತೆಯ ಹೊರೆಯೂ ಅದೇ ವರ್ಷ ಅವರ ಹೆಗಲೇರಿತು. ಆದರೂ ಬಾಲಕರ ವಿದ್ಯೆಯನ್ನು ಅವರು ಮರೆಯಲಿಲ್ಲ.

ಉಪಗ್ರಹದ ಮೂಲಕ ದೂರದ ಹಳ್ಳಿಗಳಿಗೆ ಪಾಠವನ್ನು ತಲುಪಿಸುವುದು ಅವರ ಇನ್ನೊಂದು ಮಹತ್ಸಂಕಲ್ಪ. ಇದಕ್ಕಾಗಿ 1969ರಲ್ಲಿ ನಾಸಾದೊಡನೆ ಒಪ್ಪಂದವಾಯಿತು. ಆದರೆ ದೈವಸಂಕಲ್ಪ ಬೇರೆಯಾಗಿತ್ತು. 1971ರ ಡಿಸೆಂಬರ್ 30ರಂದು ಕೇರಳದ ಕೋವಳಂನಲ್ಲಿ ಸಾರಾಭಾಯಿಯವರು ಹಠಾತ್ತಾಗಿ ಕಾಲವಶರಾದರು. ಆಗ ಅವರಿಗೆ ಕೇವಲ ಐವತ್ತೆರಡು ವರ್ಷ.

ಗುರುವಿನ ಸಂಕಲ್ಪವನ್ನು ಶಿಷ್ಯವರ್ಗವು ಕೈಬಿಡಲಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಆರು ರಾಜ್ಯಗಳ ಎರಡು ಸಾವಿರಕ್ಕೂ ಮಿಕ್ಕ ಹಳ್ಳಿಗಳು ಅಮೆರಿಕದ ಉಪಗ್ರಹದಿಂದ ದೂರದರ್ಶನದ ಪಾಠಗಳನ್ನು ಪಡೆದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಹಿರಿಯರಿಗೆ. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಆ ಪಾಠವು ಅಚ್ಚಕನ್ನಡದಲ್ಲಿ ನಡೆಯಿತು. ಆಕಾಶದಿಂದ ಇಳಿದ ವಿದ್ಯೆಯು ಮೊತ್ತಮೊದಲು ಮಾತನಾಡಿದ ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದೆಂಬುದು ನಮಗೆ ಅಭಿಮಾನದ ಸಂಗತಿಯಲ್ಲವೇ?

2004ರ ಸೆಪ್ಟೆಂಬರ್ 20ರಂದು ಇಸ್ರೋ ಸಂಸ್ಥೆಯು ಕೇವಲ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ಅದರ ಪಾಠಗಳು ಚಾಮರಾಜನಗರ ಜಿಲ್ಲೆಯ ಕನ್ನಡ ಪ್ರಾಥಮಿಕ ಶಾಲೆಗಳನ್ನು ಮುಟ್ಟಿದವು. ಆ ಜಿಲ್ಲೆಯ ಕೊಳ್ಳೇಗಾಲ ಸೀಮೆಯು 1956ರವರೆಗೆ ನಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತೆಂಬುದನ್ನು ಹಿರಿಯರು ಬಲ್ಲರು. ದಿಂಬಂ ಘಟ್ಟದ ಆಚೆಯ ನಮ್ಮ ನಂಟರ ಮಕ್ಕಳು ಉಪಗ್ರಹದ ಮೂಲಕ ಕನ್ನಡದಲ್ಲಿ ಪಾಠ ಕೇಳಿದರು. ಆ ಉಪಗ್ರಹದ ಕಾರ್ಯವು 2010ರಲ್ಲಿ ಮುಗಿಯಿತು. ವಿದ್ಯಾದಾನದ ಕಾರ್ಯ ಮುಗಿಯಲಿಲ್ಲ. 2007ರಲ್ಲಿ ತಿರುವನಂತಪುರದಲ್ಲಿ ಅಂತರಿಕ್ಷ ವಿಜ್ಞಾನದ ಉನ್ನತ ವಿದ್ಯಾಲಯವು ಆರಂಭವಾಯಿತು. 2019ರಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗಾಗಿ ಯುವಿಕಾ ಎಂಬ ಶಿಬಿರವು ಮೊದಲಾಯಿತು. ಅದರ ಆಯ್ಕೆಯಲ್ಲಿ ಗ್ರಾಮಾಂತರ ಶಾಲೆಗಳ ಮಕ್ಕಳಿಗೆ ವಿಶೇಷ ಮನ್ನಣೆಯುಂಟು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಭಾರತದ ನೌಕೆಗೆ ವಿಕ್ರಮನೆಂದೇ ಹೆಸರಿಟ್ಟುದು ಯೋಗ್ಯವೇ ಆಗಿದೆ.

ಮನೆಮಾತು ಕನ್ನಡವಾದರೆ ಮಗುವಿಗೆ ವಿಜ್ಞಾನವು ಒಗ್ಗದೆಂದು ಅಂಜಿ, ಮನೆಯೊಳಗೂ ಕನ್ನಡವನ್ನು ದೂರವಿಡುವ ತಾಯಿತಂದೆಗಳನ್ನು ನಾವು ಕಾಣುತ್ತಿದ್ದೇವೆ. ಜೀವನೋಪಾಯದ ಚಿಂತೆಯಿಂದ ಹುಟ್ಟಿದ ಈ ಅಂಜಿಕೆಯನ್ನು ನಾವು ಹಳಿಯಲಾರೆವು. ತಮಿಳನ್ನೂ ಆಂಗ್ಲವನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಆದರೆ ಆಕಾಶದ ಉಪಗ್ರಹವೇ ಕನ್ನಡದಲ್ಲಿ ಪಾಠ ಹೇಳಿರುವಾಗ, ನಕ್ಷತ್ರವನ್ನು ಕಂಡು ಇದೇನೆಂದು ಕೇಳುವ ಮಗುವಿಗೆ ಮನೆಯ ನುಡಿಯಲ್ಲಿ ಉತ್ತರ ಕೊಡಲು ನಾವು ಹಿಂಜರಿಯುವುದೇತಕ್ಕೆ? ಯುವಿಕಾದಂತಹ ಅವಕಾಶಗಳ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವ ಕಾರ್ಯವನ್ನು ನಮ್ಮ ಸಂಘವು ಈ ವರ್ಷ ಕೈಗೊಂಡರೆ, ಸಾರಾಭಾಯಿಯವರ ಸ್ಮರಣೆಯು ಸಾರ್ಥಕವಾದೀತು.